ಬಾಯಮ್ಮನೂ ಹದಿನೇಳನೆಯ ಆಮೆಯೂ

ಹಾಲಿನವನು ಬಾಗಿಲು ತಟ್ಟಿದರೆ ಬಾಯಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ನಾಳೆ ಎರಡು ಪ್ಯಾಕೆಟ್ ಹಾಕಪ್ಪಾ, ಅಲ್ಪವಿರಾಮ, ಮೊಸರು ಬೇಡ, ಪೂರ್ಣವಿರಾಮ."

ಹಾಲಿನವನಿಗೆ ಇದು ರೂಢಿಯಾಗಿತ್ತು. ಹೊಸದಾಗಿ ಬಂದ ಬಾಡಿಗೆಯವರು ಮಾತ್ರ ಮಹಡಿಯ ಮೆಟ್ಟಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕೆಳಗೆ ಹೊಲಿಗೆ ಅಂಗಡಿಯಲ್ಲಿ ಕೂತಿದ್ದ ಅವಳ ಗಂಡ, ತುಟಿಯಂಚಿನಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವರಿಗೆ ಧೈರ್ಯ ಹೇಳುತ್ತಿದ್ದ: "ಗಾಬರಿ ಆಗ್ಬೇಡಿ. ನಮ್ಮನೆಯವಳು ಬೈಯೋದೂ ಹೀಗೇನೇ. ಒಂದು ಅನುಕೂಲ ಅಂದ್ರೆ, ಬೈಗುಳ ಎಲ್ಲಿ ಮುಗೀತು ಅಂತ ನಮಗೆ ಸರಿಯಾಗಿ ಗೊತ್ತಾಗುತ್ತೆ."

ಇದು ಕಾಯಿಲೆಯಲ್ಲ, ಕಸುಬು. ನಿಸರ್ಗ ಅಧ್ಯಯನ ಸಂಘದ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಇಳಿಜಾರು ಚಾವಣಿಯ ಕೋಣೆಯೊಂದರಲ್ಲಿ, ಸಂಘದ ವಿದ್ವತ್ ಪತ್ರಿಕೆಯ ಪ್ರೂಫ್ ನೋಡುವ ಕೆಲಸ ನಡೆಯುತ್ತಿತ್ತು. ಒಂದು ಮೇಜು, ಎದುರುಬದುರಾಗಿ ಎರಡು ಕುರ್ಚಿ. ಒಬ್ಬರು ಲೇಖಕರ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು; ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಓಡಿಸುತ್ತ ಹೊಂದಿಸಿ ನೋಡಬೇಕು. ಓದುವವರು ಏನನ್ನೂ ಬಿಡುವಂತಿಲ್ಲ. ಅಲ್ಪವಿರಾಮ, ಆವರಣ ಶುರು, ಆವರಣ ಮುಚ್ಚು, ಓರೆ ಅಕ್ಷರ, ಅಡ್ಡಗೆರೆ, ಹೊಸ ಪ್ಯಾರಾ, ಎಲ್ಲವೂ ಬಾಯಿಂದ ಹೊರಬೀಳಬೇಕು. ಮನಸ್ಸಿನಲ್ಲೇ ಓದುವ ಕಣ್ಣು ಅರ್ಥದ ಹಿಂದೆ ಓಡಿ ಮೋಸ ಹೋಗುತ್ತದೆ. ಕಿವಿ ಹಾಗೆ ಸುಲಭಕ್ಕೆ ಸಿಗುವ ಗಿರಾಕಿಯಲ್ಲ.

ಬಾಯಮ್ಮ ಅಲ್ಲಿಗೆ ಬಂದದ್ದು ಟೈಪಿಸ್ಟ್ ಕೆಲಸ ಕೇಳಿಕೊಂಡು. ಟೈಪಿಂಗ್ ಪರೀಕ್ಷೆಯಲ್ಲಿ ಅವಳ ಬೆರಳುಗಳು ಕೀಲಿಗಳ ನಡುವಿನ ಸಂದಿಯಲ್ಲೇ ಹೆಚ್ಚು ಓಡಾಡಿದವು. ಆದರೆ ಕೊಟ್ಟ ಹಾಳೆಯನ್ನು ಟೈಪ್ ಮಾಡುವ ಮೊದಲು ಅಳುಕು ಹೋಗಲೆಂದು ಒಮ್ಮೆ ಜೋರಾಗಿ ಓದಿಕೊಂಡಿದ್ದಳು. ಆ ದನಿ ಅಂಗಳ ದಾಟಿ, ಮುದ್ರಣ ಯಂತ್ರದ ಸದ್ದನ್ನೂ ದಾಟಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದ ಹಿರಿಯ ಪ್ರೂಫ್ ರೀಡರ್ ಕಿವಿಗೆ ಬಿತ್ತು. ಅವಳು ಎದ್ದು ಬಂದು, "ಈ ಗಂಟಲು ನನಗೆ ಬೇಕು," ಎಂದಳು. ಪೆನ್ಸಿಲಿನಷ್ಟೇ ತೆಳ್ಳಗಿದ್ದು, ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಆ ಹಿರಿಯಳನ್ನು ಎಲ್ಲರೂ ಪೆನ್ಸಿಲಕ್ಕ ಎನ್ನುತ್ತಿದ್ದರು. ಹೊಸಬಳು ಒಂದು ವಾರದೊಳಗೆ ಬಾಯಮ್ಮ ಆದಳು.

ಪೆನ್ಸಿಲಕ್ಕ ಕಟ್ಟುನಿಟ್ಟಿನ ಹೆಂಗಸು. ಬಾಯಮ್ಮ ಒಂದು ಚಿಹ್ನೆ ಬಿಟ್ಟರೂ ಸಾಕು, ಪೆನ್ಸಿಲಿನ ಹಿಂಬದಿಯಿಂದ ಮೇಜಿಗೆ ಎರಡು ಸಲ ಟಕ್ ಟಕ್ ಎಂದು ಕುಟ್ಟಿ, "ನುಂಗಿದೆ!" ಎನ್ನುತ್ತಿದ್ದಳು. ಬಾಯಮ್ಮ ನುಂಗಿದ್ದನ್ನು ಉಗುಳಿ, ಸಾಲನ್ನು ಮತ್ತೆ ಮೊದಲಿನಿಂದ ಓದಬೇಕು. ನೆಗಡಿಯಾಗಿದ್ದರೂ ರಿಯಾಯಿತಿ ಇಲ್ಲ. "ನೆಗಡಿ ಮೂಗಿಗಮ್ಮ, ಅರ್ಧವಿರಾಮಕ್ಕಲ್ಲ," ಎಂದು ಬಿಸಿನೀರು ತರಿಸಿಕೊಟ್ಟು ಓದಿಸುತ್ತಿದ್ದಳು.

ಹೀಗೆ ಇಬ್ಬರೂ ಸೇರಿ ಬಾವಲಿಗಳ ಹಲ್ಲು, ಪಾಚಿಯ ಬೀಜಕಣ, ಕೆರೆಯ ನೀರಿನ ಉಪ್ಪು, ಏನೇನೆಲ್ಲ ಓದಿದರು. ಎಷ್ಟೋ ಲೇಖನಗಳು ಹಾಳೆ ಮುಗಿಯುವಷ್ಟರಲ್ಲಿ ತಲೆಯಿಂದ ಇಳಿದುಹೋಗುತ್ತಿದ್ದವು. ಇಳಿಯದೆ ಉಳಿದದ್ದು ಆಮೆ ಮೇಷ್ಟ್ರ ವರದಿಗಳು.

ಆಮೆ ಮೇಷ್ಟ್ರನ್ನು ಇಬ್ಬರೂ ಕಂಡವರಲ್ಲ. ಎಲ್ಲೋ ದೊಡ್ಡ ನದಿಯೊಂದರ ದಂಡೆಯಲ್ಲಿದ್ದುಕೊಂಡು, ಮರಳಿಗೆ ಬಂದು ಮೊಟ್ಟೆಯಿಡುವ ಹೆಣ್ಣು ಆಮೆಗಳ ಚಿಪ್ಪಿನಂಚಿಗೆ ಗುರುತು ಮಾಡಿ, ಯಾವುದು ಮರಳಿ ಬಂತು, ಯಾವುದು ಬರಲಿಲ್ಲ ಎಂದು ವರ್ಷಗಟ್ಟಲೆ ನೋಡುತ್ತಿದ್ದವರು. ವರದಿ ಕಳಿಸುವುದರಲ್ಲಿ ಅವರೂ ಆಮೆಯೇ. ಬಂದಾಗ ಮಾತ್ರ ಉದ್ದದ ಕೋಷ್ಟಕ ಇರುತ್ತಿತ್ತು. ಅದರಲ್ಲಿ ಆಮೆಗಳಿಗೆ ಹೆಸರಿಲ್ಲ, ಸಂಖ್ಯೆ. ಹದಿನೇಳನೆಯದರ ಚಿಪ್ಪಿನ ಬಲ ಅಂಚು, ಯಾರೋ ಬಿಸ್ಕತ್ತು ಕಚ್ಚಿಟ್ಟ ಹಾಗೆ ಮುರಿದಿದೆ ಎಂದು ಮೊದಲ ವರದಿಯ ಅಡಿಟಿಪ್ಪಣಿಯಲ್ಲಿತ್ತು. ಅಷ್ಟೇ ಸಾಕಾಯಿತು. ಮುಂದಿನ ವರದಿ ಬಂದ ದಿನ ಪೆನ್ಸಿಲಕ್ಕ ಶೀರ್ಷಿಕೆಯ ಪ್ರೂಫ್ ಕೂಡ ನೋಡದೆ, "ಮೊದಲು ಕೋಷ್ಟಕ ತೆಗಿ. ಅವಳು ಬಂದ್ಲಾ?" ಎಂದು ಕೇಳಿದಳು. ಶಿಸ್ತಿನ ಆ ಹೆಂಗಸು ನಿಯಮ ಮುರಿದದ್ದು ಬಾಯಮ್ಮ ಕಂಡಂತೆ ಅದೇ ಮೊದಲು.

"ಹದಿನೇಳು, ಅಡ್ಡಗೆರೆ, ಕಂಡಿದೆ, ಅರ್ಧವಿರಾಮ, ಗೂಡು ಒಂದು," ಎಂದು ಬಾಯಮ್ಮ ಓದಿದಳು.

"ಗಟ್ಟಿಗಿತ್ತಿ," ಎಂದಳು ಪೆನ್ಸಿಲಕ್ಕ.

ಆಮೇಲೆ ಆ ನದಿಗೆ ಅಣೆಕಟ್ಟು ಬಂತು. ಮರಳದಿಬ್ಬ ನೀರಿನಡಿ ಹೋಯಿತು. ಮುಂದಿನ ವರದಿಯಲ್ಲಿ ಹದಿನೇಳರ ಎದುರು "ಕಂಡಿಲ್ಲ" ಎಂದಿತ್ತು. ಅದರ ಮುಂದಿನದರಲ್ಲೂ ಕಂಡಿಲ್ಲ. ಪೆನ್ಸಿಲಕ್ಕ ಅಚ್ಚಿನ ಆ ಪದದ ಕೆಳಗೆ ಪೆನ್ಸಿಲ್ ಇಟ್ಟಳು. ತಪ್ಪೇನೂ ಇರಲಿಲ್ಲ, ತಿದ್ದುವಂತಿರಲಿಲ್ಲ.

ಇದರ ಬೆನ್ನಿಗೇ ಸಂಘದ ಪತ್ರಿಕೆ ಕೈಬದಲಾಯಿತು. ಸಂಘದ ಹಿರಿಯರು ಲೆಕ್ಕಪತ್ರ ತೂಗಿಸಲಾರದೆ ಅದನ್ನು ದೊಡ್ಡ ಪ್ರಕಾಶನ ಕಂಪನಿಯೊಂದಕ್ಕೆ ಒಪ್ಪಿಸಿದರು. ಇನ್ನು ಮೇಲೆ ಪತ್ರಿಕೆ ಕಂಪನಿಯ ಜಾಲತಾಣದಲ್ಲಿ ಬರುತ್ತದೆ, ಪ್ರೂಫ್ ಬೇರೆ ದೇಶದಲ್ಲಿ ಯಂತ್ರವೇ ನೋಡುತ್ತದೆ ಎಂದು ಹೇಳಿ, ಇಬ್ಬರಿಗೂ ಒಂದೊಂದು ಹೂಗುಚ್ಛ ಕೊಟ್ಟು ಕಳಿಸಿದರು. ಮೆಟ್ಟಿಲ ಕೆಳಗಿನ ಕೋಣೆಗೆ ಮುರಿದ ಕುರ್ಚಿಗಳನ್ನು ತುಂಬಿದರು.

ಬಾಯಮ್ಮ ಒಂದು ದಿನ ಗಂಡನ ಫೋನಿನಲ್ಲಿ ಪತ್ರಿಕೆಯನ್ನು ಹುಡುಕಿದಳು. ಮೊದಲ ನಾಲ್ಕು ಸಾಲು ಕಂಡವು. ಕೆಳಗೆ ಬೀಗದ ಚಿತ್ರ. ಪೂರ್ತಿ ಓದಬೇಕಾದರೆ ದುಡ್ಡು ಕಟ್ಟಬೇಕಂತೆ.

"ಅಲ್ಲಾ ಕಣೇ, ನೀನು ಇಷ್ಟು ವರ್ಷ ಗಂಟಲು ಹರ್ಕೊಂಡು ಓದಿದ್ದಕ್ಕೂ ಬೀಗಾನಾ?" ಎಂದು ಗಂಡ ಕೇಳಿದ.

"ಹೌದ್ರೀ. ಹಳೆ ಸಂಚಿಕೆನೂ ಒಳಗೇ ಹಾಕ್ಕೊಂಡು ಬಾಗಿಲು ಮುಚ್ಚಿದಾರೆ."

"ನಾನು ಹೊಲಿದ ಅಂಗಿ ನೋಡಕ್ಕೆ ನನ್ನ ಹತ್ರಾನೇ ಚೀಟಿ ಕೇಳಿದಂಗಾಯ್ತು," ಎಂದು ಅವನು ಕತ್ತರಿಯನ್ನು ಬಟ್ಟೆಯ ಮೇಲೆ ಸ್ವಲ್ಪ ಜೋರಾಗಿಯೇ ಓಡಿಸಿದ.

ಪೆನ್ಸಿಲಕ್ಕನಿಗೆ ಆ ಬೀಗದ ಚಿತ್ರವೂ ಕಾಣುವಂತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಕಣ್ಣಿನ ನರ ಸೋಲುತ್ತ ಬಂದು, ಮೊದಲು ಅಕ್ಷರ ಹೋಯಿತು, ಆಮೇಲೆ ಮುಖ ಹೋಯಿತು. ತಂಗಿಯ ಮನೆಯಲ್ಲಿ, ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂರುತ್ತಿದ್ದಳು. ತುರುಬಿನ ಪೆನ್ಸಿಲ್ ಮಾತ್ರ ಹಾಗೇ ಇತ್ತು. ಬಾಯಮ್ಮ ಹೋದಾಗಲೆಲ್ಲ ಕ್ಷೇಮಸಮಾಚಾರ ಮುಗಿಯುವ ಮುಂಚೆಯೇ ಕೇಳುತ್ತಿದ್ದಳು: "ಹದಿನೇಳು ಏನಾದ್ಲು?"

"ಮೇಷ್ಟ್ರ ನಂಬರ್ ಹುಡುಕಿ ಕೇಳ್ಬಿಡ್ಲಾ ಅಕ್ಕಾ?"

"ಬೇಡ. ಪ್ರೂಫ್ ನೋಡೋರು ಲೇಖಕರ ಕದ ತಟ್ಟಬಾರದು. ನನಗೆ ಗಾಳಿಸುದ್ದಿ ಬೇಡ ಕಣೆ. ಅಚ್ಚಿಗೆ ಬರಲಿ. ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿದ ಮೇಲೆ ನಂಬ್ತೀನಿ."

ಅವಳ ತಂಗಿ ಒಳಗಿನಿಂದ ಕೂಗಿದಳು: "ನನಗೆ ಮದುವೆ ಗೊತ್ತಾದಾಗಲೂ ನಮ್ಮಕ್ಕ ಹೀಗೇ ಅಂದಿದ್ದು. ಲಗ್ನಪತ್ರಿಕೆ ಅಚ್ಚಾಗಿ ಬರೋವರೆಗೂ ಗಂಡನ್ನ ಗಂಡು ಅಂತ ಒಪ್ಪಿರಲಿಲ್ಲ!"

ಮೂವರೂ ನಕ್ಕರು. ಆದರೆ ಮನೆಗೆ ನಡೆದುಬರುವಾಗ ಬಾಯಮ್ಮನ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಅಕ್ಕನ ವಯಸ್ಸು ನಿಲ್ಲುವುದಿಲ್ಲ. ಬೀಗ ತೆರೆಯುವುದಿಲ್ಲ. ಇಷ್ಟು ದೊಡ್ಡ ಗಂಟಲಿಟ್ಟುಕೊಂಡು ಆ ಒಂದು ಸಾಲನ್ನು ಅವಳಿಗೆ ಓದಿ ಹೇಳಲಾಗುವುದಿಲ್ಲವಲ್ಲ!

ಹೀಗಿರುವಾಗ ಒಂದು ಮಧ್ಯಾಹ್ನ ಆ ಪತ್ರಿಕೆಯ ಸಂಪಾದಕರು ಹೊಲಿಗೆ ಅಂಗಡಿಗೇ ಬಂದರು. ಎತ್ತರದ, ಸ್ವಲ್ಪ ಬಾಗಿದ ಮನುಷ್ಯ, ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಬಾಯಮ್ಮನ ಗಂಡ ಪ್ಯಾಂಟಿನ ಅಳತೆಗೆ ಬಂದವರೆಂದು ಟೇಪು ಹಿಡಿದು ಎದ್ದೇಬಿಟ್ಟ.

"ಅಳತೆ ಆಮೇಲೆ ತಗೊಳ್ಳಿ. ಮೊದಲು ನಿಮ್ಮ ಮನೆಯವರನ್ನ ಕರೀರಿ," ಎಂದರು ಅವರು. ಬಾಯಮ್ಮ ಕೈ ಒರೆಸಿಕೊಳ್ಳುತ್ತ ಇಳಿದು ಬಂದಳು.

"ನೋಡಿಯಮ್ಮಾ, ನಾವು ಸಂಪಾದಕ ಮಂಡಳಿಯವರೆಲ್ಲ ಒಂದೇ ದಿನ ರಾಜೀನಾಮೆ ಕೊಟ್ಟುಬಿಟ್ವಿ. ಬರೆಯೋರು ನಾವು. ಬರೆದಿದ್ದು ಸರಿ ಇದೆಯಾ ಅಂತ ನೋಡೋರೂ ನಾವೇ, ಅದೂ ಪುಕ್ಕಟೆ. ಕೊನೆಗೆ ಓದಕ್ಕೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು ಅಂದ್ರೆ ಏನರ್ಥ? ನಮ್ಮದೇ ಹೊಸ ಪತ್ರಿಕೆ ಶುರು ಮಾಡ್ತಿದೀವಿ. ವಿಶ್ವವಿದ್ಯಾಲಯದ ಗ್ರಂಥಾಲಯ ಜಾಗ ಕೊಟ್ಟಿದೆ. ಓದೋರಿಗೆ ಬೀಗ ಇಲ್ಲ, ಬರೆಯೋರಿಗೆ ಸುಂಕ ಇಲ್ಲ. ಯಾರು ಬೇಕಾದ್ರೂ ಓದಬಹುದು, ಹಂಚಬಹುದು, ಗಟ್ಟಿಯಾಗಿ ಓದಿ ಊರಿಗೆಲ್ಲ ಕೇಳಿಸಬಹುದು. ಬರೆದೋರ ಹೆಸರು ಹೇಳಿದ್ರೆ ಸಾಕು."

"ಹಳೆ ಹೆಸರು, ಸರ್?"

"ಅದು ಕಂಪನಿದಾಯ್ತು. ಹೋಗ್ಲಿ ಬಿಡಿ. ಚಿಪ್ಪು ಅವರ ಹತ್ರ ಇರಲಿ, ಆಮೆ ನಮ್ಮ ಹತ್ರ ಬಂದಿದೆ."

ಬಾಯಮ್ಮನಿಗೆ ಆಮೆ ಎಂಬ ಮಾತೊಂದೇ ಕೇಳಿಸಿತು. "ಆಮೆ ಮೇಷ್ಟ್ರ ವರದಿ ಬಂತಾ ಸರ್?"

"ಬರುತ್ತೆ. ಕಂಪನಿಗೆ ಕೊಡಲ್ಲ ಅಂತ ಹಟ ಹಿಡಿದು ಕೂತಿದ್ರು. ದಂಡೆಯಲ್ಲಿ ತಮ್ಮ ಜೊತೆ ನಿಂತು ಆಮೆ ನೋಡಿದೋರೇ ಓದಕ್ಕಾಗದ ಕಡೆ ವರದಿ ಹಾಕಲ್ಲ ಅಂದ್ರು. ಈಗ ಕೊಡ್ತೀನಿ ಅಂದಿದಾರೆ. ಎರಡನೇ ಸಂಚಿಕೆಗೆ. ಅವರ ವೇಗ ನಿಮಗೆ ಗೊತ್ತಲ್ಲ."

ಸಂಪಾದಕರು ಕೇಳಲು ಬಂದದ್ದು ಅವಳ ದನಿಯನ್ನು. ಹೊಸ ಪತ್ರಿಕೆಯ ಪ್ರತಿ ಲೇಖನದ ಜೊತೆ ಅದರ ಓದೂ ಇರಬೇಕು, ಕಣ್ಣಿಲ್ಲದವರಿಗೆ, ಓದು ಬಾರದವರಿಗೆ, ಬಸ್ಸಿನಲ್ಲಿ ನಿಂತು ಹೋಗುವವರಿಗೆ ಸಿಗಬೇಕು ಎಂಬುದು ಅವರ ಆಸೆ. ಬಾಯಮ್ಮ ಗಂಡನ ಮುಖ ನೋಡಿದಳು. ಅವನು, "ನನ್ನ ಕಿವಿಗೂ ಸ್ವಲ್ಪ ರಜ ಸಿಗುತ್ತೆ, ಹೋಗು," ಎಂದ. ಆಮೇಲೆ, ಅವಳು ಹೊರಡುವ ದಿನ, ಹೇಳದೆ ಕೇಳದೆ ಒಂದು ಹೊಸ ರವಿಕೆ ಹೊಲಿದು ಇಟ್ಟಿದ್ದ.

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ನಕಾಶೆಗಳನ್ನಿಡುವ ಕೋಣೆಯೊಂದಿತ್ತು. ಗ್ರಂಥಪಾಲಕಿ, ಚುರುಕಿನ ಯುವತಿ, ಗೋಡೆಗಳಿಗೆಲ್ಲ ಹಳೆ ಪರದೆ ಹೊದಿಸಿ, ಬಾಗಿಲ ಸಂದಿಗೆ ದಿಂಬು ತುರುಕಿ, ಅದನ್ನು ದನಿ ಹಿಡಿಯುವ ಕೋಣೆ ಮಾಡಿದ್ದಳು. "ಆಂಟಿ, ಈ ಕೆಂಪು ಗುಂಡಿ ಒತ್ತಿ ಓದ್ತಾ ಹೋಗಿ. ಮುಗಿದ ಮೇಲೆ ಮತ್ತೆ ಒತ್ತಿ. ಉಳಿದಿದ್ದು ನನಗೆ ಬಿಡಿ," ಎಂದಳು.

ಬಾಯಮ್ಮ ಎದುರಿನ ಖಾಲಿ ಕುರ್ಚಿಯನ್ನು ನೋಡಿದಳು. ಅಲ್ಲಿ ಪೆನ್ಸಿಲಕ್ಕ ಕೂತಿದ್ದಾಳೆ ಎಂದುಕೊಂಡಳು. ಗಂಟಲು ಸರಿ ಮಾಡಿಕೊಂಡು ಗುಂಡಿ ಒತ್ತಿದಳು. ಇಷ್ಟು ವರ್ಷ ಬೀಗ ಹಾಕಿಕೊಂಡಿದ್ದ ದನಿ ಒಮ್ಮೆ ಹೊರಬಂದದ್ದೇ ತಡ, ನಿಲ್ಲಲಿಲ್ಲ. ಲೇಖನದ ಮೇಲೆ ಲೇಖನ, ನೀರು ಕುಡಿಯುವುದನ್ನೂ ಮರೆತು ಓದಿದಳು.

ಮೊದಲ ಸಂಚಿಕೆ ಹೊರಬಂದ ಬೆಳಿಗ್ಗೆ ಸಂಪಾದಕರು ವಾಕಿಂಗಿಗೆ ಹೊರಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ತಮ್ಮದೇ ಸಂಪಾದಕೀಯವನ್ನು ಕೇಳತೊಡಗಿದರು. "ಜ್ಞಾನ ಎಲ್ಲರದು, ಅಲ್ಪವಿರಾಮ, ಎಂದು ನಾವು ಬಾಯಲ್ಲಿ ಹೇಳುತ್ತೇವೆ, ಅರ್ಧವಿರಾಮ, ಆದರೆ, ಅಲ್ಪವಿರಾಮ, ಆವರಣ ಶುರು, ನಾಚಿಕೆಯಿಂದ ಹೇಳಬೇಕು, ಆವರಣ ಮುಚ್ಚು..." ಅವರು ಪಾರ್ಕಿನ ನಡುವೆ ನಿಂತುಬಿಟ್ಟರು.

ಅಲ್ಲಿಂದ ಸೀದಾ ಗ್ರಂಥಾಲಯಕ್ಕೆ ಬಂದರು. ಗ್ರಂಥಪಾಲಕಿ ಹಣೆಗೆ ಕೈಯಿಟ್ಟುಕೊಂಡಳು. ಬಿಡುಗಡೆಯ ಗಡಿಬಿಡಿಯಲ್ಲಿ ದನಿ ಬಂದಿದೆಯೇ ಎಂದಷ್ಟೇ ನೋಡಿದ್ದಳು, ಏನು ಬಂದಿದೆ ಎಂದು ಕೇಳಿರಲಿಲ್ಲ. ಸಂಚಿಕೆಯ ಅಷ್ಟೂ ಲೇಖನಗಳು, ಕೊನೆಯ ಕೃತಜ್ಞತೆಯವರೆಗೆ, ವಿರಾಮ ಚಿಹ್ನೆಗಳ ಸಮೇತ ಲೋಕಕ್ಕೆ ಹೋಗಿಯಾಗಿತ್ತು.

ಬಾಯಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. "ಅಯ್ಯೋ ಸರ್! ನಾನು ಪ್ರೂಫ್ ಓದ್ಬಿಟ್ಟೆ! ಕೇಳೋರು ಬೇರೆ ಅನ್ನೋದೇ ಮರೆತುಹೋಯ್ತು. ಎಲ್ಲಾ ಮತ್ತೆ ಓದ್ತೀನಿ, ಇವತ್ತೇ ಕೂರ್ತೀನಿ."

"ಕೂರೋಣಂತೆ, ಮೊದಲು ನೀರು ಕುಡೀರಿ. ನನ್ನ ಸಂಪಾದಕೀಯದಲ್ಲಿ ಅಷ್ಟೊಂದು ಅಲ್ಪವಿರಾಮ ಇದೆ ಅಂತ ನನಗೂ ಇವತ್ತೇ ಗೊತ್ತಾಗಿದ್ದು," ಎಂದು ಸಂಪಾದಕರು ನಕ್ಕರು. ನಗುವಿನ ಹಿಂದೆ ಅವರಿಗೂ ಅಳುಕಿತ್ತು. ಕಂಪನಿಯವರು ಇದನ್ನು ಕೇಳಿದರೆ ಹೊಸ ಪತ್ರಿಕೆ ಹುಡುಗಾಟ ಎಂದು ಆಡಿಕೊಳ್ಳದೆ ಬಿಡುವರೇ?

ಬಾಯಮ್ಮ ಮತ್ತೆ ನೆಲಮಾಳಿಗೆಗೆ ಇಳಿದು ಇನ್ನೇನು ಕೆಂಪು ಗುಂಡಿ ಒತ್ತಬೇಕು, ಗ್ರಂಥಪಾಲಕಿ ಏದುಸಿರು ಬಿಡುತ್ತ ಓಡಿ ಬಂದಳು. "ಆಂಟಿ, ನಿಲ್ಲಿ, ಒತ್ಬೇಡಿ! ಒಬ್ಬರು ಮಾತಾಡಬೇಕಂತೆ."

ಫೋನಿನ ಆ ಕಡೆ ಇದ್ದವರು ಕಾಲೇಜೊಂದರ ಸಂಖ್ಯಾಶಾಸ್ತ್ರದ ಮೇಷ್ಟ್ರು. ಹುಟ್ಟಿನಿಂದಲೇ ಕಣ್ಣು ಕಾಣದವರು. "ಮೀನು ಎಣಿಸೋ ಲೇಖನ ಓದಿದ್ದು ನೀವೇನಾಮ್ಮಾ? ಅದರಲ್ಲಿನ ಸೂತ್ರ ನಾನು ಮೂರು ಸಲ ಕೇಳಿದೆ. ಫೋನಿನಲ್ಲಿ ಓದಿ ಹೇಳೋ ಯಂತ್ರ ಸೂತ್ರನ ಗಟಗಟ ಕುಡಿದುಬಿಡುತ್ತೆ. ಆವರಣ ಎಲ್ಲಿ ಶುರುವಾಯ್ತು, ಎಲ್ಲಿ ಮುಚ್ಚಿತು ಅಂತ ಜೀವನವೆಲ್ಲ ಊಹೆ ಮಾಡ್ಕೊಂಡೇ ಬಂದೆ. ಇವತ್ತು ಊಹೆ ಮಾಡಲಿಲ್ಲ. ನಿಮಗೆ ಕೈಮುಗೀತೀನಿ, ಅದನ್ನ ತೆಗೀಬೇಡಿ."

ಬಾಯಮ್ಮ ಮೊದಲ ಸಲ ಒಂದು ಇಡೀ ವಾಕ್ಯವನ್ನೇ ನುಂಗಿದಳು.

ಸಂಜೆಯೊಳಗೆ ಇನ್ನೂ ಹಲವರು ಬರೆದರು. ಒಬ್ಬಳು ವಿದ್ಯಾರ್ಥಿನಿ ಕೇಳುತ್ತ ಕೇಳುತ್ತಲೇ ಬ್ರೈಲ್‌ನಲ್ಲಿ ಇಡೀ ಲೇಖನ ಬರೆದುಕೊಂಡಿದ್ದಳಂತೆ. ಸಂಪಾದಕರು ಅವೆಲ್ಲವನ್ನೂ ಗಟ್ಟಿಯಾಗಿ ಓದಿ, ಕೊನೆಗೆ, "ಎರಡು ಓದು ಇರಲಿ. ಬಸ್ಸಿನೋರಿಗೆ ಒಂದು, ಇವರಿಗೆ ಇನ್ನೊಂದು. ಬಾಯಮ್ಮನೋರೇ, ನಿಮ್ಮ ತಪ್ಪು ನಮ್ಮ ಪತ್ರಿಕೆಯ ಕ್ರಮ ಆಯ್ತು," ಎಂದರು. ಬಾಯಮ್ಮ ಮನೆಗೆ ಹೋಗುವ ದಾರಿಯಲ್ಲಿ ಒಬ್ಬಳೇ ನಗುತ್ತಿದ್ದಳು. ಅವತ್ತು ಗಂಡ ಏನು ಕೇಳಿದರೂ ಬರೀ, "ಆಶ್ಚರ್ಯಸೂಚಕ! ಆಶ್ಚರ್ಯಸೂಚಕ!" ಎಂದಳು.

ಎರಡನೆಯ ಸಂಚಿಕೆಗೆ ಆಮೆ ಮೇಷ್ಟ್ರ ವರದಿ ಬಂತು. ಬಂದ ದಿನ ಬಾಯಮ್ಮ ಕೋಷ್ಟಕದ ಪುಟವನ್ನು ಮಗುಚಿ ಹಿಡಿದುಕೊಂಡೇ ಸಂಪಾದಕರ ಮುಂದೆ ನಿಂತಳು. "ಸರ್, ಇದರ ಪ್ರೂಫ್ ಪೆನ್ಸಿಲಕ್ಕ ನೋಡ್ಬೇಕು."

ಕಣ್ಣಿಲ್ಲದವಳು ಪ್ರೂಫ್ ನೋಡುವುದು ಹೇಗೆ ಎಂದು ಅವರು ಕೇಳಲಿಲ್ಲ. "ಹೋಗಿಬನ್ನಿ. ದನಿನೂ ಅಲ್ಲೇ ಹಿಡ್ಕೊಂಡು ಬನ್ನಿ," ಎಂದರು.

ತಂಗಿಯ ಮನೆಯ ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು ಚೆಲ್ಲಿತ್ತು. ತಂಗಿ ನೆಲದ ಮೇಲೆ ಬಟಾಣಿ ಬಿಡಿಸುತ್ತಿದ್ದವಳು, ಸದ್ದಾಗದಿರಲೆಂದು ಬಟ್ಟಲಿನೊಳಗೆ ಟವೆಲ್ ಹಾಸಿಕೊಂಡಳು. ಪೆನ್ಸಿಲಕ್ಕ ವಿಷಯ ತಿಳಿದದ್ದೇ ಕುರ್ಚಿಯಲ್ಲಿ ನೆಟ್ಟಗಾದಳು. ತುರುಬಿನಿಂದ ಪೆನ್ಸಿಲ್ ಎಳೆದು ಕೈಗೆ ತೆಗೆದುಕೊಂಡಳು. "ಮೊದಲು ಕೋಷ್ಟಕ," ಎಂದಳು.

ಬಾಯಮ್ಮ ಫೋನಿನ ಗುಂಡಿ ಒತ್ತಿ, ಹಾಳೆ ಮಗುಚಿದಳು. ಮೇಲಿನ ಸಾಲುಗಳನ್ನು ಬಿಡುವಂತಿಲ್ಲ. ಮೂರು, ಅಡ್ಡಗೆರೆ, ಕಂಡಿಲ್ಲ. ಎಂಟು, ಅಡ್ಡಗೆರೆ, ಕಂಡಿದೆ, ಅರ್ಧವಿರಾಮ, ಗೂಡು ಇಲ್ಲ. ಒಂದೊಂದೇ ಸಾಲು ಇಳಿಯುತ್ತ ಬಂದಂತೆ ಅವಳ ದನಿ ತೆಳ್ಳಗಾಯಿತು. ಬೆರಳು ಹದಿನೇಳರ ಮೇಲೆ ಬಂದು ನಿಂತಿತು. ಕಣ್ಣು ಮುಂದಕ್ಕೆ ಓಡಿಬಿಟ್ಟಿತು.

"ಹದಿನೇಳು ಕಂಡಿದೆ ಗೂಡು ಎರಡು ಅಕ್ಕಾ..."

ಟಕ್ ಟಕ್.

"ನುಂಗಿದೆ!"

"ಅಕ್ಕಾ, ಸಿಕ್ಕಿದಾಳೆ! ಬಂದಿದಾಳೆ ಅಕ್ಕಾ!"

"ಬಂದಿದ್ದು ಕೇಳಿಸ್ತು. ನಡುವೆ ಏನಿತ್ತು ಹೇಳು. ನಾನಿಲ್ಲಿ ಪ್ರೂಫ್ ನೋಡ್ತಿದೀನಿ, ಬಾವಿಕಟ್ಟೆ ಮಾತು ಕೇಳ್ತಿಲ್ಲ." ಹಾಗೆಂದ ಪೆನ್ಸಿಲಕ್ಕ ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಂಡಳು. "ಸಾಲು ಮೊದಲಿಂದ."

ಬಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಯಂತ್ರಗಳ ಸದ್ದಿನ ಮೇಲೆ ಓದುತ್ತಿದ್ದ ಆ ಹಳೆಯ ದನಿಯನ್ನು ಹೊಟ್ಟೆಯಾಳದಿಂದ ತೆಗೆದಳು. "ಹದಿನೇಳು, ಅಡ್ಡಗೆರೆ, ಕಂಡಿದೆ, ಅರ್ಧವಿರಾಮ, ಗೂಡು ಎರಡು, ಅರ್ಧವಿರಾಮ, ಹೊಸ ದಿಬ್ಬ, ಅಲ್ಪವಿರಾಮ, ಅಣೆಕಟ್ಟಿನ ಕೆಳಗೆ, ಆವರಣ ಶುರು, ಮೊದಲು ಕಂಡವರು ದೋಣಿ ನಡೆಸುವ ಅಂಬಿಗರು, ಆವರಣ ಮುಚ್ಚು, ಪೂರ್ಣವಿರಾಮ."

ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನೊಬ್ಬ ನಿಂತು ಕಿಟಕಿಯತ್ತ ನೋಡಿದ. ಪೆನ್ಸಿಲಕ್ಕ ತನ್ನ ಎಡ ಅಂಗೈಯನ್ನು ಬಿಚ್ಚಿ, ಅದರ ಮೇಲೆ ಪೆನ್ಸಿಲಿನಿಂದ ಒಂದು ಸರಿ ಗುರುತು ಹಾಕಿದಳು. ಪ್ರೂಫ್ ಮುಗಿದಾಗ ಹಾಳೆಯ ಮೂಲೆಯಲ್ಲಿ ಹಾಕುತ್ತಿದ್ದಳಲ್ಲ, ಅದೇ ಗುರುತು. ಆಮೇಲೆ ಆ ಕೈಯನ್ನು ಮುಚ್ಚಿಕೊಂಡು, "ಗಟ್ಟಿಗಿತ್ತಿ," ಎಂದಳು. ಆಮೆಗೆ ಹೇಳಿದಳೋ ಎದುರು ಕೂತವಳಿಗೋ, ತಂಗಿ ಬಾಗಿ ಕೇಳಿದರೂ ಹೇಳಲಿಲ್ಲ.

ಗ್ರಂಥಪಾಲಕಿ ದನಿಯಲ್ಲಿದ್ದ ಟಕ್ ಟಕ್ ಸದ್ದನ್ನೂ ಬೈಗುಳವನ್ನೂ ಕತ್ತರಿಸಲೇ ಎಂದು ಕೇಳಿದಾಗ ಸಂಪಾದಕರು ಬೇಡವೆಂದರು. ವರದಿ ಹಾಗೆಯೇ ಹೋಯಿತು. ಬೀಗವಿಲ್ಲದ ಬಾಗಿಲಿನಿಂದ ಹೊರಟದ್ದು ಯಾರನ್ನೂ ಕೇಳದೆ ಎಲ್ಲೆಲ್ಲೋ ನಡೆಯಿತು. ಶಾಲೆಗಳಲ್ಲಿ ಕೇಳಿದರು, ದೋಣಿಕಟ್ಟೆಗಳಲ್ಲಿ ಕೇಳಿದರು. ಹಳೆಯ ಲೇಖಕರು ಒಬ್ಬೊಬ್ಬರಾಗಿ ಹೊಸ ಪತ್ರಿಕೆಗೆ ಬಂದರು. ಮೆಟ್ಟಿಲ ಕೆಳಗಿನ ಕೋಣೆಯಿಂದ ಮುರಿದ ಕುರ್ಚಿಗಳನ್ನು ಹೊರಹಾಕಿ, ಸಂಘದವರೇ ಬಂದು ಬೀಗದ ಕೈಯನ್ನು ಬಾಯಮ್ಮನ ಕೈಗಿಟ್ಟರು. ಅವಳು ಅದನ್ನು ಗಂಡನಿಗೆ ಕೊಟ್ಟು, "ಬಾಗಿಲು ತೆರೆದೇ ಇರುತ್ತೆ, ಇದರಲ್ಲಿ ನಿಮ್ಮ ನೂಲುಂಡೆ ಸಿಕ್ಕಿಸ್ಕೊಳ್ಳಿ," ಎಂದಳು. ಈಗ ಅಲ್ಲಿ ಮತ್ತೆ ಎರಡು ಕುರ್ಚಿ. ಒಂದರಲ್ಲಿ ಬಾಯಮ್ಮನ ಬಾಯಿ, ಇನ್ನೊಂದರಲ್ಲಿ ಪೆನ್ಸಿಲಕ್ಕನ ಕಿವಿ. ತೆರೆಯ ಮೇಲೆ ತಿದ್ದಲು ಗ್ರಂಥಪಾಲಕಿ.

ಅಲ್ಲಿ ಕೂತಿರುವಾಗಲೇ ಒಂದು ದಿನ ಬಾಯಮ್ಮನ ಫೋನಿಗೆ ಗುರುತಿಲ್ಲದ ನಂಬರಿನಿಂದ ದನಿಯ ಸಂದೇಶವೊಂದು ಬಂತು. ಹಿಂದೆ ನೀರಿನ ಸಪ್ಪಳ, ಹುಟ್ಟು ದೋಣಿಗೆ ತಗುಲುವ ಸದ್ದು. ಒರಟು ಗಂಡಸಿನ ದನಿ, ನಗು ತಡೆದುಕೊಂಡು ನಿಧಾನವಾಗಿ ಹೇಳುತ್ತಿತ್ತು:

"ಅಮ್ಮಾ, ಅಲ್ಪವಿರಾಮ, ನಾನು ದೋಣಿಯವನು, ಅಲ್ಪವಿರಾಮ, ನಿಮ್ಮ ಓದು ನಮ್ಮ ಕಡೆಯವರೆಲ್ಲ ಕೇಳಿದ್ರು, ಪೂರ್ಣವಿರಾಮ. ಹದಿನೇಳು ಇವತ್ತು ಬೆಳಿಗ್ಗೆ ಮತ್ತೆ ಬಂದಿದಾಳೆ, ಅಲ್ಪವಿರಾಮ, ನನ್ನ ದೋಣಿ ನೆರಳಲ್ಲೇ, ಅಲ್ಪವಿರಾಮ, ಮಲಗಿದಾಳೆ, ಪೂರ್ಣವಿರಾಮ."

ಬಾಯಮ್ಮ ಚಪ್ಪಾಳೆ ತಟ್ಟಿಬಿಟ್ಟಳು. ಪೆನ್ಸಿಲಕ್ಕ ಕಣ್ಣು ಮುಚ್ಚಿ, ಮತ್ತೊಮ್ಮೆ ಹಾಕಿಸಿ ಕೇಳಿದಳು, ಮುಖದ ತುಂಬ ಬೆಳಕು. ಆಮೇಲೆ ಪೆನ್ಸಿಲಿನಿಂದ ಮೇಜಿಗೆ ಮೆತ್ತಗೆ ಎರಡು ಸಲ ಕುಟ್ಟಿದಳು.

"ಹೇಳು ಅವನಿಗೆ. ಕೊನೇ ಅಲ್ಪವಿರಾಮ ಬೇಡ ಅಂತ."